ಗಾಣದ ಮನೆಯ ಎರಡು ಗೋಡೆ

ಎಲೆಕ್ಷನ್ ಬಂತೆಂದರೆ ನನ್ನ ಕೈಗೆ ಬಿಡುವಿರುತ್ತಿರಲಿಲ್ಲ. ಹೊಸಪೇಟೆಯಲ್ಲಿ ಅಂಗಡಿಗಳ ಬೋರ್ಡು ಬರೆಯುವುದು ನನ್ನ ಕಸುಬು. ಎಲೆಕ್ಷನ್ ದಿನಗಳಲ್ಲಿ ಗೋಡೆ ಬರೆಯುತ್ತಿದ್ದೆ. ಎರಡೂ ಪಕ್ಷಕ್ಕೆ ನಾನೇ. ಅದರಲ್ಲಿ ನನಗೆ ನಾಚಿಕೆಯೇನೂ ಇರಲಿಲ್ಲ. ಕಟಿಂಗ್ ಶಾಪಿನವನು ಪಕ್ಷ ಕೇಳಿ ಕ್ಷೌರ ಮಾಡುತ್ತಾನೆಯೇ?

ಅದಿರಿನ ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದ ಕಾಲ ಅದು. ಕಂಪ್ಲಿ ರಸ್ತೆಯಲ್ಲಿ ನನ್ನ ಸೋದರಮಾವನ ಗಾಣವಿತ್ತು. ಅವನಪ್ಪನ ಕಾಲದಿಂದಲೂ ಅಲ್ಲಿ ಕಬ್ಬು ಅರೆದು ಬೆಲ್ಲ ಮಾಡುತ್ತಿದ್ದರು. ಗಾಣದ ಮನೆಯ ಎರಡು ಗೋಡೆ ರಸ್ತೆಗೆ ಚೆನ್ನಾಗಿ ಕಾಣುತ್ತಿದ್ದವು. ಒಂದು ಪಕ್ಷದವರು ಒಂದು ಗೋಡೆಗೆ ಸುಣ್ಣ ಬಳಿದು, ಮೂಲೆಯಲ್ಲಿ ತಮ್ಮ ಗುರುತು ಹಾಕಿ ಹಿಡಿದಿಟ್ಟರು. ಮರುದಿನ ಇನ್ನೊಂದು ಪಕ್ಷದವರು ಇನ್ನೊಂದನ್ನು ಹಿಡಿದರು.

ಮೊದಲ ಪಕ್ಷದ ಕಾರ್ಯಕರ್ತ ಸಿಗರೇಟು ಪ್ಯಾಕಿನ ಹಿಂದೆ ಬರೆದು ತಂದ ಸಾಲು, ‘ಅವರು ಗೆದ್ದರೆ ಬೆಲ್ಲಕ್ಕೂ ತೆರಿಗೆ’.

“ಇದು ಖರೇನೇನ್ರಿ?” ಎಂದೆ.

“ನೀ ಬರಿಯಪ್ಪ. ಖರೆ ಸುಳ್ಳು ಆಮ್ಯಾಲ ನೋಡೋಣು,” ಎಂದ.

ಇನ್ನೊಂದು ಪಕ್ಷದವರು ಸುಮ್ಮನಿರುತ್ತಾರೆಯೇ? ಅದೇ ಸಾಲನ್ನು ಇವರ ಮೇಲೆ ತಿರುಗಿಸಿ ಬರೆಸಿದರು. ಅದನ್ನೂ ಬರೆದೆ. ಸಂಡೂರಿನ ಗುಡ್ಡಗಳು ಲಾರಿ ಹತ್ತಿ ಹೋಗುತ್ತಿದ್ದವು. ಅದಿರಿನ ಮೇಲೆ ಯಾರು ಎಷ್ಟು ತೆರಿಗೆ ಕಟ್ಟುತ್ತಿದ್ದಾರೆಂದು ಎರಡೂ ಕಡೆಯವರು ಒಂದಕ್ಷರ ಬರೆಸಲಿಲ್ಲ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಮಾವ ಎರಡೂ ಗೋಡೆ ಓದಿ ತಾಳೆ ಹಾಕಿದ. “ಇವರು ಗೆದ್ರ ತೆರಿಗಿ, ಅವರು ಗೆದ್ರೂ ತೆರಿಗಿ. ಇಬ್ರೂ ಒಂದ ಮಾತು ಹೇಳ್ತಾರಂದ್ರ ಬರೋದು ಗ್ಯಾರಂಟಿ, ಅಳಿಯಾ.”

“ಎಲೆಕ್ಷನ್ ಮಾತು ಮಾಮಾ. ತಲಿಗೆ ಹಚ್ಕೋಬ್ಯಾಡ.”

“ಮತ್ತ ನೀ ಯಾಕ ಬರ್ದಿ? ನೀ ಸುಳ್ಳು ಬರೀತಿಯೇನು?”

ನಾನು ಬ್ರಷ್ ತೊಳೆಯುತ್ತ ಕುಳಿತೆ. ಅವತ್ತು ಹೌದು ಎಂಬ ಒಂದು ಮಾತು ಆಡಿದ್ದರೆ ಸಾಕಿತ್ತು.

ತೆರಿಗೆ ಎಂದರೆ ಮಾವನಿಗೆ ದುಡ್ಡಿನ ಚಿಂತೆಯಲ್ಲ. ಜೀಪಿನಲ್ಲಿ ಬರುವ ಅಧಿಕಾರಿ, ಇಂಗ್ಲಿಷಿನ ನೋಟಿಸು, ಯಾರ ಯಾರ ಮುಂದೋ ಕೈಕಟ್ಟಿ ನಿಲ್ಲುವುದು, ಇವುಗಳ ಭಯ. ಫಲಿತಾಂಶಕ್ಕೂ ಮೊದಲೇ ಗಾಣ ಬಿಚ್ಚಿಸಿ ಮಾರಿದ. ಬೆಲ್ಲ ಕಾಯಿಸುವ ಕೊಪ್ಪರಿಗೆ ಗುಜರಿಗೆ ಹೋಯಿತು. ಪಾಪಿನಾಯಕನಹಳ್ಳಿಯ ಹತ್ತಿರ ಅದಿರು ಸುರಿಯುವ ಪ್ಲಾಟಿನಲ್ಲಿ ಗೇಟು ಕಾಯಲು ಸೇರಿಕೊಂಡ.

ಒಂದು ಪಕ್ಷ ಗೆದ್ದಿತು. ಬೆಲ್ಲದ ಸುದ್ದಿ ಯಾರೂ ಎತ್ತಲಿಲ್ಲ. ಸಿಗರೇಟು ಪ್ಯಾಕಿನವನು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಕೇಳಿದೆ. ಯಾವ ಬೆಲ್ಲ ಎಂದ. ಅವನಿಗೆ ನಿಜವಾಗಿಯೂ ಮರೆತುಹೋಗಿತ್ತು.

ದೀಪಾವಳಿಗೆ ಮಾವನ ಮನೆಗೆ ಹೋದೆ. ಸ್ನಾನವಾದ ಮೇಲೂ ಅವನ ಕಿವಿಯ ಮಡಿಕೆಗಳಲ್ಲಿ ಕೆಂಪು ಧೂಳಿತ್ತು. ಹೋಳಿಗೆಗೆ ಬೆಲ್ಲ ಇಲ್ಲವೆಂದು ಅತ್ತೆ ನನ್ನನ್ನೇ ಅಂಗಡಿಗೆ ಕಳಿಸಿದಳು. ಆ ಮನೆಗೆ ಹೊರಗಿನ ಬೆಲ್ಲ ಬಂದದ್ದು ಅದೇ ಮೊದಲು. ಪೊಟ್ಟಣ ತಂದಿಟ್ಟೆ.

“ಅಂಗಡ್ಯಾಂವ ತೆರಿಗಿ ಹಾಕ್ಯಾನೇನು?” ಎಂದು ಮಾವ ಕೇಳಿದ.

“ಇಲ್ಲ ಮಾಮಾ.”

ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡ.

“ಹದ ತಪ್ಪೈತಿ,” ಎಂದ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಗೇಟು ಕಾಯಲು ಹೊರಟ.