ಕತ್ತರಿಸುವ ಮೇಜಿನ ಬಳಿ ಕುಳಿತ ವೈದ್ಯೆ

ಗೀಳು ಮನೋರೋಗವೆಂದರೆ ಎಷ್ಟು ಸಲ ಕೈ ತೊಳೆಯುತ್ತೀರಿ, ಎಷ್ಟು ಸಲ ಬೀಗ ನೋಡುತ್ತೀರಿ ಎಂದು ವಿಚಾರಿಸುವವರು ಅನೇಕರಿದ್ದಾರೆ. ಗೀಳು ಇಳಿದ ಮೇಲೂ ಆ ಜೀವ ದಿನವನ್ನು ಹೇಗೆ ದೂಡುತ್ತದೆ ಎಂದು ಬೆನ್ನುಹತ್ತಿ ಹೋದವರಲ್ಲಿ, ಈಗ ನಿವೃತ್ತರಾಗುತ್ತಿರುವ ನಮ್ಮ ಹಿರಿಯ ಮನೋವೈದ್ಯೆಯವರು ಅಗ್ರಗಣ್ಯರು. ಏನು ಹೇಳಿದರೂ ‘ಹೇಗೆ?’ ಎನ್ನುತ್ತಿದ್ದುದರಿಂದ ವಿದ್ಯಾರ್ಥಿಗಳಾದ ನಾವು ಅವರಿಗೆ ‘ಹೇಗಮ್ಮ’ ಎಂದು ಹೆಸರಿಟ್ಟಿದ್ದೆವು. ಅದು ಅವರ ಕಿವಿಗೂ ಬಿದ್ದಿತ್ತು. ಹೇಗೆ ಬಿತ್ತೆಂದು ಕೇಳುವ ಧೈರ್ಯ ಮಾತ್ರ ನಮಗಿರಲಿಲ್ಲ.

ನಾನು ಅವರ ಕೈಕೆಳಗೆ ಸೇರಿದ ವರ್ಷ, ದರ್ಜಿ ಹೆಣ್ಣುಮಗಳೊಬ್ಬಳು ಚಿಕಿತ್ಸೆಗೆ ಬರುತ್ತಿದ್ದಳು. ಅಳತೆ ತಪ್ಪಿದರೆ ಅನಾಹುತವಾದೀತೆಂಬ ಭಯ ಬಹುಮಟ್ಟಿಗೆ ಇಳಿದಿದ್ದರೂ, ಒಂದು ಅಂಗಿಯ ಬಟ್ಟೆ ಕತ್ತರಿಸಲು ಅರ್ಧ ದಿನ ಹಿಡಿಯುತ್ತಿತ್ತು. ಅಂಗಡಿ ನಡೆಸುತ್ತಿದ್ದ ಅತ್ತಿಗೆ ರೋಸಿಹೋಗಿ, ಕತ್ತರಿಯನ್ನು ಬೇರೆಯವರಿಗೆ ಒಪ್ಪಿಸಿ ಇವಳನ್ನು ಗುಂಡಿ ಹೊಲಿಯಲು ಕೂರಿಸುವುದೆಂದು ತೀರ್ಮಾನಿಸಿದ್ದಳು. “ಭಯ ಹೋಯ್ತಲ್ಲ, ಈಗಿರೋದು ಬರೀ ಸೋಮಾರಿತನ” ಎಂಬುದು ಆಕೆಯ ತೀರ್ಪು.

ಮೇಡಂ ನನ್ನನ್ನು ಕರೆದುಕೊಂಡು ಅಂಗಡಿಗೇ ಹೋಗಿ, ಮೇಜಿನ ಪಕ್ಕ ಕುಳಿತರು. ಬಾಗಿಲ ಗಂಟೆ ಸದ್ದು ಮಾಡಿತು. ಬಟ್ಟೆ ಅಳೆಯುತ್ತಿದ್ದ ಆ ಹೆಣ್ಣುಮಗಳು ತಲೆಯೆತ್ತಿ ನೋಡಿದಳು, ಮತ್ತೆ ಮೊದಲಿಂದ ಅಳೆಯತೊಡಗಿದಳು.

“ಭಯ ಆಯ್ತಾ?”

“ಇಲ್ಲ ಡಾಕ್ಟ್ರೇ. ಎಲ್ಲಿಗೆ ನಿಲ್ಲಿಸಿದ್ದೆ ಅನ್ನೋದೇ ಸಿಗಲ್ಲ.”

ಮೇಡಂ ಕಣ್ಣರಳಿಸಿದರು. ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳಿದ ಮನಸ್ಸು ಮರಳಿ ಬರಲು ತಡಕಾಡುವುದೂ ಈ ಕಾಯಿಲೆಯಲ್ಲಿ ಉಂಟು, ಅದು ಸೋಮಾರಿತನವಲ್ಲ ಎಂದು ಅತ್ತಿಗೆಗೆ ವಿವರಿಸಿದರು. ನಿಲ್ಲಿಸಿದ ಕಡೆ ಒಂದು ಗುಂಡುಸೂಜಿ ಚುಚ್ಚಿಡಲು ಇವಳಿಗೆ ಹೇಳಿದರು. ಮುಂದಿನ ವಾರ ನೋಡಿದರೆ, ಇವಳು ಸೂಜಿಯನ್ನೇ ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದಳು!

“ನನ್ನ ಮದ್ದಿಗೂ ನಿನ್ನ ಕಾಯಿಲೆ ಅಂಟಿಸ್ಬಿಟ್ಯಲ್ಲೇ!” ಎಂದು ಮೇಡಂ ನಕ್ಕರು, ಅವಳೂ ನಕ್ಕಳು. ಸೂಜಿ ಹೋಯಿತು. ಬದಲಾಗಬೇಕಾದದ್ದು ಅಂಗಡಿ ಎಂದರು ಮೇಡಂ: ಇವಳ ಕೈಯಲ್ಲಿ ಕತ್ತರಿ ಇರುವಾಗ ಗಿರಾಕಿಗಳನ್ನು ಅತ್ತಿಗೆಯೇ ಮಾತನಾಡಿಸಬೇಕು, ‘ಸರಿಯಿದೆಯಾ’ ಎಂದು ಇವಳು ಕೇಳಿದರೆ ಬಾಯಿ ಬಿಡಕೂಡದು, ಉತ್ತರ ಸಿಕ್ಕಷ್ಟೂ ಆ ಕೇಳುವ ಗೀಳು ಬೆಳೆಯುತ್ತದೆ. ಎರಡನೆಯದು ಅತ್ತಿಗೆಗೆ ಕಬ್ಬಿಣದ ಕಡಲೆಯಾಯಿತು.

ಕೆಲವು ತಿಂಗಳ ಮೇಲೆ ಮತ್ತೆ ಹೋದೆವು. ದುಬಾರಿ ಉಣ್ಣೆಯ ಬಟ್ಟೆ ಮೇಜಿನ ಮೇಲಿತ್ತು. ಅತ್ತಿಗೆ ಒಳಗಿದ್ದಾಗ ಯಾರೋ ಬಂದು ಕೂಗಿದರು. ಅವಳು ತಲೆಯೆತ್ತಲಿಲ್ಲ. “ಸ್ವಲ್ಪ ಇರಿ, ಕತ್ತರಿಸ್ತಿದೀನಿ!” ಕತ್ತರಿ ಅಂಚಿನವರೆಗೂ ಓಡಿತು. ಕೂಗು ಕೇಳಿ ಒಳಬಾಗಿಲಿಗೆ ಬಂದು ನಿಂತಿದ್ದ ಅತ್ತಿಗೆ ಕಣ್ಣೊರಸಿಕೊಂಡು, “ಈ ಮೇಜು ಇವಳದ್ದೇ” ಎಂದಳು.

ಬೀದಿಗಿಳಿದ ಮೇಡಂ ತಟ್ಟನೆ ನಿಂತರು. “ಮನೇಲಿ ಒಲೆ ಮೇಲೆ ಎರಡು ಪಾತ್ರೆ ಇಟ್ಟಾಗ ಏನ್ಮಾಡ್ತಾಳೆ, ಕೇಳಿದ್ಯಾ?” ನಾನು ಉತ್ತರಿಸುವಷ್ಟರಲ್ಲಿ ಅವರು ಮತ್ತೆ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದರು.

ಸೋಮಾರಿಗಳೆಂದು ಕರೆಸಿಕೊಂಡು ಮೂಲೆ ಸೇರಿದವರು ಇನ್ನೂ ಎಷ್ಟೋ ಮನೆಗಳಲ್ಲಿದ್ದಾರೆ. ಅವರೆಲ್ಲರ ಬಾಗಿಲು ತಟ್ಟುವಷ್ಟು ದೀರ್ಘವಾದ ಆಯುಷ್ಯವೂ ಗಟ್ಟಿಯಾದ ಮೊಣಕಾಲುಗಳೂ ನಮ್ಮ ಮೇಡಂ ಅವರಿಗಿರಲಿ.