ನಕ್ಷತ್ರದ ತಾಳ ಬಡಿಯುತ್ತಿದ್ದ ಮೇಡಂ

ಕೊಲ್ಹಾಪುರದಲ್ಲಿ ನನ್ನ ಎಂ.ಎಸ್ಸಿ. ಪ್ರಾಜೆಕ್ಟ್ ನೋಡಿಕೊಳ್ಳುತ್ತಿದ್ದ ಮೇಡಂ ಇಚಲಕರಂಜಿಯ ಮಗ್ಗಗಳ ಸದ್ದಿನಲ್ಲೇ ಬೆಳೆದವರು. ಉಪಗ್ರಹ ಅಳೆದ ಜೋಡಿ ನಕ್ಷತ್ರದ ಎಕ್ಸ್‌ರೇ ಏರಿಳಿತದ ಗ್ರಾಫ್ ಕೊಟ್ಟರೆ ಮೊದಲು ಬೆರಳಿನಿಂದ ಮೇಜಿನ ಮೇಲೆ ಅದರ ತಾಳ ಬಡಿಯುತ್ತಿದ್ದರು. "ಗಡಬಡ ಬ್ಯಾಡೋ, ನಕ್ಷತ್ರ ಎಲ್ಲೂ ಓಡಿಹೋಗೂದಿಲ್ಲ" ಎನ್ನುತ್ತಿದ್ದರು.

ನಾನೋ ಗಡಬಡಿಯ ಅವತಾರ. ಒಂದು ದಿನ ಗ್ರಾಫ್‌ನಲ್ಲಿ ಬೆಳಕು ಪದೇ ಪದೇ ಸೊನ್ನೆಗಿಳಿದದ್ದು ಕಂಡು, ಒಂದು ನಕ್ಷತ್ರ ಇನ್ನೊಂದನ್ನು ಮರೆಮಾಡುತ್ತಿದೆ ಎಂದು ಘೋಷಿಸಿ, ಎಲ್ಲರಿಗೂ ಪೇಢೆ ಹಂಚಿ, ನಮ್ಮೂರು ಗಡಹಿಂಗ್ಲಜದ ಅರ್ಧ ಜನಕ್ಕೆ ಫೋನ್ ಮಾಡಿದೆ.

ಮೇಡಂ ನಿಧಾನವಾಗಿ ಪೇಢೆ ಮುಗಿಸಿದರು. "ಅಡ್ಡ ಬಂದದ್ದು ನಮ್ಮ ಭೂಮಿನೋ. ಉಪಗ್ರಹ ಅದರ ಹಿಂದ ಹೋದಾಗೆಲ್ಲಾ ಅದಕ್ಕ ನಕ್ಷತ್ರ ಕಾಣೂದಿಲ್ಲ."

"ಅಂದ್ರ ನನ್ನ ಪ್ರಾಜೆಕ್ಟ್ ಮುಗೀತೇನ್ರಿ ಮೇಡಂ?"

ಅವರು ಆ ಸೊನ್ನೆಗಳನ್ನೆಲ್ಲ ತೆಗೆದು, ಉಳಿದದ್ದರ ತಾಳ ಬಡಿಯತೊಡಗಿದರು. ಬೆರಳು ಒಂದು ಕಡೆ ತಡವರಿಸಿತು.

"ಇಲ್ಲಿ ನೋಡು. ಬೆಳಕು ಖರೇನ ನಡಗಾಕತ್ತೈತಿ. ಇದು ಭೂಮಿದಲ್ಲ, ನಕ್ಷತ್ರದ್ದ."

ಎದ್ದು, ತಮ್ಮ ಕುರ್ಚಿಯನ್ನೇ ನನ್ನತ್ತ ತಳ್ಳಿದರು. "ಕುಂದ್ರು. ಇಲ್ಲಿಂದ ಶುರು ಮಾಡು."