ಹೊಸ ಶಾಕ್ ಹಾಕಿಸಿದ ಹಳೇ ಬೈಕು

ಹಳೇ ಬೈಕಿಗೆ ಹೊಸ ಶಾಕ್ ಅಬ್ಸಾರ್ಬರ್ ಹಾಕಿಸಿದ ಮರುದಿನ ಹೊಸದುರ್ಗದಿಂದ ಹೊರಟಿದ್ದೆ. ದಾರಿಯಲ್ಲಿ ವಯಸ್ಸಾದವರೊಬ್ಬರು ಕೈ ಅಡ್ಡ ಹಿಡಿದು, "ಮತ್ತೋಡಿನವರೆಗೂ ಬರ್ತೀನ್ರಿ" ಅಂದರು. ಹತ್ತಿಸಿಕೊಂಡೆ.

"ಗಾಡಿ ಹಳೇದು, ಆದ್ರೂ ಗುಂಡಿ ಗೊತ್ತೇ ಆಗಲ್ಲ ನೋಡ್ರಿ," ಅಂದೆ.

"ಹೌದ್ರಿ, ಹಾಸಿಗೆ ಮೇಲೆ ಕುಂತಂಗೈತೆ."

ಆ ಮಾತಿಗೆ ಉಬ್ಬಿ ವೇಗವನ್ನು ಎಪ್ಪತ್ತಕ್ಕೆ ಏರಿಸಿದೆ. ಮೊದಲಾದರೆ ಐವತ್ತಕ್ಕೇ ಸೊಂಟ ಬೇಡ ಅನ್ನುತ್ತಿತ್ತು.

ಗಾಳಿಯಂತ್ರಗಳ ಗುಡ್ಡ ಇಳಿಯುವ ತಿರುವಿನಲ್ಲಿ ಗಾಡಿಯ ಹಿಂಭಾಗ ಅತ್ತಿತ್ತ ಒಲೆದಾಡಿತು. ಆಮೇಲೆ ಹ್ಯಾಂಡಲ್ ನಡುಗತೊಡಗಿತು. ಎದುರಿಗೆ ಲಾರಿ ಬರುತ್ತಿತ್ತು. ಬಿಗಿ ಹಿಡಿದಷ್ಟೂ ನಡುಕ ಹೆಚ್ಚಾಯಿತು. ಹಿಂದೆ ಕೂತವರು ಎರಡೂ ಕೈಯಲ್ಲಿ ನನ್ನ ಅಂಗಿ ಹಿಡಿದು, ಕಿವಿಯ ಹತ್ತಿರ ಮೆಲ್ಲಗೆ ಕೇಳಿದರು: "ನಿಮಗೆ ಮಕ್ಕಳೆಷ್ಟ್ರಿ?"

ಆಕ್ಸಿಲರೇಟರ್ ಬಿಟ್ಟೆ. ಲಾರಿ ಮೊಣಕೈ ಸವರಿದಂತೆ ಹಾದುಹೋಯಿತು. ಗಾಡಿಯನ್ನು ರಸ್ತೆ ಪಕ್ಕಕ್ಕೆ ತಂದು ನಿಲ್ಲಿಸಿದೆ.

ಇಳಿದು ಹಿಂದಿನ ಚಕ್ರ ಅಲ್ಲಾಡಿಸಿದೆ. ಅದನ್ನು ಚಾಸಿಗೆ ಹಿಡಿದಿಡುವ ಬುಷ್ ಸವೆದು, ಚಕ್ರ ಸಡಿಲಾದ ಹಲ್ಲಿನ ಹಾಗೆ ಎಡಬಲ ಆಡುತ್ತಿತ್ತು. ಇಷ್ಟು ದಿನ ಹಳೇ ಶಾಕುಗಳು ಸೊಂಟಕ್ಕೆ ಹೊಡೆದು ಹೊಡೆದೇ ನನ್ನ ಜೀವ ಕಾಯ್ದಿದ್ದವು.

"ಇಲ್ಲೇ ಇಳ್ಕಂತೀನ್ರಿ, ನಮ್ಮೂರು ಬಂತು," ಅಂದರು ಅವರು. ಸುತ್ತ ಗಾಳಿಯಂತ್ರ ಬಿಟ್ಟರೆ ಒಂದು ಮನೆಯೂ ಇರಲಿಲ್ಲ. ತಿರುಗಿಯೂ ನೋಡದೆ ನಡೆದರು.

ಸ್ವಲ್ಪ ಹೊತ್ತಿನ ಮೇಲೆ ನಾನೂ ಗಾಡಿ ತಳ್ಳಿಕೊಂಡು ಅವರ ಹಿಂದೆ ಹೊರಟೆ. ಹೊಸ ಶಾಕ್ ನಿಜಕ್ಕೂ ಒಳ್ಳೆಯವು. ಮತ್ತೋಡಿನವರೆಗೆ ತಳ್ಳಿದರೂ ಗಾಡಿ ಒಂದು ಸಲವೂ ಕುಲುಕಲಿಲ್ಲ.